ಬಂದೂಕಿನೊಂದಿಗೆ ಊರು ಬದಲಿಸಿದ ನನ್ನ ಅನುಭವ

ಸಾಮಾನು ಲಾರಿಗೆ ಏರಲು ನಾಲ್ಕೇ ದಿನವಿದ್ದಾಗ ಸಾಗಣೆಯವರು ಕಡ್ಡಿ ಮುರಿದಂತೆ ಹೇಳಿದರು: ಬಂದೂಕು, ಗುಂಡು ಎರಡನ್ನೂ ಮುಟ್ಟುವುದಿಲ್ಲ. ಕೈಕಾಲೇ ಆಡಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಹಳೇ ಊರಿನ ಪರವಾನಗಿ ಹೊಸ ಊರಲ್ಲಿ ನಡೆಯುತ್ತದೆಯೇ ಎಂದು ನಾನು ವಿಚಾರಿಸಿಯೇ ಇರಲಿಲ್ಲ.

ಹೊಸ ಊರಿನ ಪರವಾನಗಿ ಕಚೇರಿಗೆ ಫೋನ್ ಮಾಡಿದೆ. ಬಾಯಿಮಾತು ಸಾಲದೆಂದು ಅದೇ ಪ್ರಶ್ನೆಗಳನ್ನು ಬರೆದು ಕಳಿಸಿ, ಲಿಖಿತ ಉತ್ತರ ತರಿಸಿಕೊಂಡೆ. ವಿಳಾಸ ಬದಲಾವಣೆಗೆ ಗಡುವೆಷ್ಟು? ನನ್ನ ಬಂದೂಕಿನ ಮಾದರಿಗೆ, ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಗಾತ್ರಕ್ಕೆ ನಿರ್ಬಂಧವಿದೆಯೇ? ಮನೆಯಲ್ಲಿ ಹೇಗಿಡಬೇಕು? ನಡುದಾರಿಯ ಪ್ರದೇಶಗಳ ನಿಯಮವನ್ನೂ ಕೇಳಿಕೊಂಡೆ. ಇದನ್ನು ದಯವಿಟ್ಟು ಮರೆಯಬೇಡಿ, ಅಲ್ಲಿಯ ಕಾನೂನು ಪೂರ್ತಿ ಬೇರೆಯೇ ಇರಬಹುದು.

ಕೊನೆಗೆ ನನ್ನ ಕಾರಿನಲ್ಲೇ ಒಯ್ದೆ. ಚೇಂಬರ್, ಅಂದರೆ ನಳಿಕೆಯ ಹಿಂದೆ ಗುಂಡು ಕೂರುವ ಜಾಗ, ಖಾಲಿಯೆಂದು ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಂಡು, ಗಟ್ಟಿ ಪೆಟ್ಟಿಗೆಗೆ ಬೀಗ ಹಾಕಿ ಡಿಕ್ಕಿಯಲ್ಲಿಟ್ಟೆ. ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ. ರಾತ್ರಿ ತಂಗಿದಲ್ಲಿ ಕಾರಿನಲ್ಲಿ ಬಿಡಲಿಲ್ಲ. ವಿಮಾನದಲ್ಲಾದರೆ ಕೌಂಟರಿನಲ್ಲಿ ಮೊದಲೇ ತಿಳಿಸಲೇಬೇಕು. ಗುಂಡುಗಳಿಗೆ ಸಾಮಾನ್ಯವಾಗಿ ಒಬ್ಬ ಪ್ರಯಾಣಿಕನಿಗೆ 5 ಕಿಲೋ ಮಿತಿ.

ಹೊಸ ಊರಿನ ಹವೆ ತೇವ. ಸಾಗಣೆಯ ಪೆಟ್ಟಿಗೆಯ ಫೋಮ್ ತೇವ ಹಿಡಿದಿಟ್ಟು ತುಕ್ಕು ಹಿಡಿಸುತ್ತದೆ. ಹಾಗಾಗಿ ತಲುಪಿದ ದಿನವೇ ಹೊರತೆಗೆದು, ತೆಳುವಾಗಿ ಎಣ್ಣೆ ಸವರಿ, ಗೋಡೆಗೆ ಬೋಲ್ಟ್ ಹಾಕಿದ ಸೇಫಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಟ್ಟೆ. ಮರುದಿನ ಬೆಳಿಗ್ಗೆಯೇ ವಿಳಾಸ ಬದಲಾವಣೆಯ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆ.