ಮಸುಕಾದ ಬಾಕ್ಸರ್‌ನನ್ನು ತೂಗುವ ಬಗೆ

ಹುಬ್ಬಳ್ಳಿ, ಗದಗ, ಹಾವೇರಿ ಸೀಮೆಯ ಜಾತ್ರೆಗಳಲ್ಲಿ ಪೈಲ್ವಾನನೊಬ್ಬ ಗೆದ್ದನೆಂಬ ಸುದ್ದಿ ಬಂದರೆ, ಗರಡಿಯ ಹಿರಿಯರು ಮೊದಲು ಕೇಳುವುದು ‘ಜೋಡಿ ಯಾರಿದ್ದ?’, ಅಂದರೆ ಎದುರಾಳಿ ಯಾರು, ಎಂದು. ಹಳೆಯ ಕಾಲದ ಬಾಕ್ಸರ್‌ನ ಸಾಧನೆಯನ್ನು ಅಳೆಯಲು ಹೊರಟವರಿಗೂ ಅದೇ ಮೊದಲ ಪ್ರಶ್ನೆಯಾಗಬೇಕು. ಉದಾಹರಣೆಗೆ ಅಮೆರಿಕದ ಎಜರ್ಡ್ ಚಾರ್ಲ್ಸ್‌ನನ್ನು ತೆಗೆದುಕೊಳ್ಳೋಣ. 1949ರಿಂದ 1951ರವರೆಗೆ ಹೆವಿವೇಟ್ (ಅತಿ ಭಾರದ ವರ್ಗದ) ಪಟ್ಟದಲ್ಲಿದ್ದರೂ, ಜೋ ಲೂಯಿಸ್ ಮತ್ತು ರಾಕಿ ಮಾರ್ಸಿಯಾನೊ ಎಂಬ ಎರಡು ದೊಡ್ಡ ಹೆಸರುಗಳ ನಡುವೆ ಸಿಕ್ಕು ಅವನ ಹೆಸರು ಮಸುಕಾಯಿತು.

ಒಟ್ಟು ಸೋಲು-ಗೆಲುವಿನ ಅಂಕಿಯಿಂದ ಆರಂಭಿಸಬೇಡಿ. ಚಾರ್ಲ್ಸ್‌ನ ಖಾತೆಯಲ್ಲಿ ಸುಮಾರು 25 ಸೋಲುಗಳಿದ್ದು, ಅಷ್ಟನ್ನೇ ನೋಡಿದವರಿಗೆ ಅವನು ಸಾಧಾರಣನೆಂದು ತೋರಬಹುದು. ಆದರೆ ಪಂದ್ಯಗಳನ್ನು ವರ್ಷವಾರು ಬರೆದುಕೊಂಡರೆ, ಆ ಸೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು 1954ರ ಜೂನ್‌ನಿಂದೀಚೆಗೆ, ದೇಹ ಸವೆದ ಮೇಲೆ ಬಂದವೆಂಬುದು ತಿಳಿಯುತ್ತದೆ. ಏರುಗಾಲ ಎಲ್ಲಿಗೆ ಮುಗಿಯಿತೆಂದು ಗೆರೆ ಎಳೆದುಕೊಂಡು, ಅದರ ಹಿಂದಿನ ಭಾಗವನ್ನು ಬೇರೆಯಾಗಿಯೇ ಓದಬೇಕು.

ಆಮೇಲೆ ಜೋಡಿಗಳನ್ನು ಪರಿಶೀಲಿಸಿ. ಪ್ರತಿಯೊಬ್ಬ ಎದುರಾಳಿಯ ಮುಂದೆ ಎರಡು ಸಂಗತಿ ಬರೆಯಿರಿ: ಅಂದು ಅವನು ಯಾವ ಸ್ಥಿತಿಯಲ್ಲಿದ್ದ, ಮುಂದೆ ಏನಾದ. ಚಾರ್ಲ್ಸ್ 1942ರಲ್ಲಿ, ಇನ್ನೂ 20 ವರ್ಷದವನಿದ್ದಾಗ, ಚಾರ್ಲಿ ಬರ್ಲಿಯನ್ನು ಎರಡು ಸಲ ಸೋಲಿಸಿದ. ಈ ಬರ್ಲಿ ಎಷ್ಟು ಸಮರ್ಥನಿದ್ದರೂ ಪಟ್ಟದ ಪಂದ್ಯದ ಅವಕಾಶವನ್ನೇ ಕಾಣಲಿಲ್ಲ. 1946, 1947 ಮತ್ತು 1948ರಲ್ಲಿ ಚಾರ್ಲ್ಸ್ ಆರ್ಚಿ ಮೂರ್‌ನನ್ನು ಮೂರು ಸಲ ಸೋಲಿಸಿದ್ದು, ಕೊನೆಯದು ಎಂಟನೇ ಸುತ್ತಿನ ನಾಕೌಟ್. ಅದೇ ಮೂರ್ 1952ರಲ್ಲಿ ಲೈಟ್ ಹೆವಿವೇಟ್ (ಹೆವಿವೇಟ್‌ಗಿಂತ ಕೆಳಗಿನ ತೂಕದ ವರ್ಗ) ಚಾಂಪಿಯನ್ ಆಗಿ, ವರ್ಷಗಟ್ಟಲೆ ಪಟ್ಟ ಉಳಿಸಿಕೊಂಡ. ವಿಚಿತ್ರವೆಂದರೆ ಆ ತೂಕದ ಪಟ್ಟಕ್ಕೆ ಸೆಣಸುವ ಅವಕಾಶ ಚಾರ್ಲ್ಸ್‌ಗೆ ಒಮ್ಮೆಯೂ ಸಿಗಲಿಲ್ಲ. ಪಟ್ಟದ ಬೆಲ್ಟುಗಳನ್ನಷ್ಟೇ ಎಣಿಸುವವರು ಇಂತಹ ಬಾಕ್ಸರನನ್ನು ಕಳೆದುಕೊಳ್ಳುವುದು ಹೀಗೆಯೇ.

ಪ್ರಸಿದ್ಧ ಗೆಲುವನ್ನು ಇನ್ನೂ ಅನುಮಾನದಿಂದ ನೋಡಬೇಕು. 1950ರ ಸೆಪ್ಟೆಂಬರ್ 27ರಂದು ಚಾರ್ಲ್ಸ್ ಲೂಯಿಸ್‌ನನ್ನು 15 ಸುತ್ತುಗಳಲ್ಲಿ ಅಂಕಗಳ ಮೇಲೆ ಸೋಲಿಸಿದ. ಅವನು ಸುಮಾರು 184 ಪೌಂಡ್ ತೂಗುತ್ತಿದ್ದರೆ ಲೂಯಿಸ್ 218 ಪೌಂಡ್ ಇದ್ದ. ಆದರೆ ಲೂಯಿಸ್‌ಗೆ ಆಗ 36 ವರ್ಷ, ನಿವೃತ್ತನಾಗಿದ್ದವನು ತೆರಿಗೆ ಬಾಕಿಯ ಒತ್ತಡಕ್ಕೆ ಸಿಕ್ಕು ಮರಳಿ ಬಂದಿದ್ದ. ಹೆಸರಿನ ಬೆಲೆ ಬೇರೆ, ಅಂದಿನ ಮನುಷ್ಯನ ಬಲ ಬೇರೆ. ನನ್ನ ಲೆಕ್ಕದಲ್ಲಿ ಮೂರ್ ಮೇಲಿನ ಮೂರು ಗೆಲುವುಗಳು ಇದಕ್ಕಿಂತ ಭಾರವಾದವು. ಒಬ್ಬ ಚಿತ್ ಆಗುವವರೆಗೆ ನಡೆಯುವ ನಿಕಾಲಿ ಕುಸ್ತಿ ನೋಡಿ ಬೆಳೆದ ನಮ್ಮ ಕಡೆಯವರಿಗೆ ಅಂಕಗಳ ಗೆಲುವು ಸಪ್ಪೆಯೆನಿಸುವುದುಂಟು. ಬಾಕ್ಸಿಂಗ್‌ಗೆ ಆ ಅಳತೆಗೋಲು ಹೊಂದುವುದಿಲ್ಲ.

ಅವನ ಕುರಿತ ಕಥೆಗಳನ್ನೂ ದಿನಾಂಕಗಳ ಎದುರಿಟ್ಟು ನೋಡಬೇಕು. 1948ರ ಫೆಬ್ರವರಿಯಲ್ಲಿ ಚಾರ್ಲ್ಸ್ ಜೊತೆಗಿನ ಪಂದ್ಯದ ನಂತರ ಸ್ಯಾಮ್ ಬರೂಡಿ ತೀರಿಕೊಂಡ. ಅಲ್ಲಿಂದ ಮುಂದೆ ಚಾರ್ಲ್ಸ್ ಪೂರ್ಣ ಬಲದಿಂದ ಹೊಡೆಯಲೇ ಇಲ್ಲವೆಂಬ ಮಾತು ಬೆಳೆಯಿತು. ಆದರೆ 1949ರಲ್ಲಿ ಅವನು ಪ್ಯಾಟ್ ವ್ಯಾಲೆಂಟಿನೊನನ್ನು ನಾಕೌಟ್ ಮಾಡಿದ್ದಾನೆ. ಆ ಸಾವು ಅವನನ್ನು ಕಾಡಿತೆಂಬುದನ್ನು ಒಪ್ಪಬಹುದು, ‘ಹೊಡೆಯಲೇ ಇಲ್ಲ’ ಎಂಬುದನ್ನು ಒಪ್ಪಲಾಗದು.

ಕೊನೆಗೆ ಚಲನಚಿತ್ರ ದಾಖಲೆಗಳು. ಅವನ ಲೈಟ್ ಹೆವಿವೇಟ್ ದಿನಗಳ ದೃಶ್ಯಗಳು ಹೆಚ್ಚು ಉಳಿದಿಲ್ಲ. ಸುಲಭವಾಗಿ ಸಿಗುವುದು 1954ರ ಜೂನ್ 17ರ ಮಾರ್ಸಿಯಾನೊ ಪಂದ್ಯ. ಮಾರ್ಸಿಯಾನೊ ಎದುರು 15 ಸುತ್ತು ನಿಂತವನು ಇವನೊಬ್ಬನೇ. ವೀಕ್ಷಕ ವಿವರಣೆಯ ಧ್ವನಿ ಮುಚ್ಚಿ ಅದನ್ನು ಎರಡು ಸಲ ನೋಡಿ: ಒಮ್ಮೆ ಕೈಗಳನ್ನು, ಇನ್ನೊಮ್ಮೆ ಕಾಲುಗಳನ್ನು. ಮೊದಲ ಕೆಲವು ಸುತ್ತುಗಳಲ್ಲಿ ಚಾರ್ಲ್ಸ್ ತೋರುವ ಚುರುಕು, 1946ರಲ್ಲಿ ಅವನು ಹೇಗಿದ್ದಿರಬಹುದೆಂಬುದಕ್ಕೆ ನಮಗೆ ಉಳಿದಿರುವ ಅತ್ಯಂತ ಹತ್ತಿರದ ಸುಳಿವುಗಳಲ್ಲಿ ಒಂದು.