ಬಿಲ್ ಬೇಕಾ, ಬೇಡವಾ? ರಸೀದಿ ಕಾಗದದ ಹೊರೆ ಇಳಿಸುವುದು ಹೀಗೆ

ಕೌಂಟರಿನಲ್ಲಿ ಕೈಗೆ ಬರುವ ಬಿಲ್ಲು ನೋಡಲು ಕಾಗದವೇ. ಆದರೆ ಅದರ ಮೇಲೆ ರಾಸಾಯನಿಕದ ತೆಳು ಲೇಪ ಇರುತ್ತದೆ. ಹಾಗಾಗಿ ಅದನ್ನು ಮುಟ್ಟುವ, ಎತ್ತಿಡುವ, ಬಿಸಾಡುವ ರೀತಿ ನೋಟ್‌ಬುಕ್ ಹಾಳೆಯಂತಲ್ಲ.

ಉಗುರಿನಿಂದ ಗೀರಿ ನೋಡಿ

ಬಿಲ್ಲಿನ ಅಚ್ಚಾದ ಬದಿಯಲ್ಲಿ ಖಾಲಿ ಜಾಗ ಹುಡುಕಿ, ಉಗುರಿನಿಂದ ಒತ್ತಿ ಸರ್ರನೆ ಒಂದು ಗೆರೆ ಎಳೆಯಿರಿ. ಕಪ್ಪು ಗೀಟು ಮೂಡಿತೇ? ಹಾಗಾದರೆ ಅದು ಥರ್ಮಲ್ ಪೇಪರ್. ಈ ಪ್ರಿಂಟರಿನಲ್ಲಿ ಶಾಯಿಯೇ ಇರುವುದಿಲ್ಲ. ಲೇಪದೊಳಗೆ ಬಣ್ಣ ಕಾಣದ ಡೈ ಒಂದು, ಅದನ್ನು ಕಪ್ಪಾಗಿಸುವ ಡೆವಲಪರ್ ಇನ್ನೊಂದು ಇರುತ್ತವೆ. ಬಿಸಿ ತಾಗಿದ ಕಡೆ ಎರಡೂ ಕರಗಿ ಬೆರೆತು ಅಕ್ಷರವಾಗುತ್ತವೆ. ಉಗುರು ಉಜ್ಜಿದ ಬಿಸಿಯೂ ಅದಕ್ಕೆ ಸಾಕು.

ತಕರಾರು ಇರುವುದು ಆ ಡೆವಲಪರಿನದ್ದು. ತುಂಬಾ ಕಾಲ ಇದಕ್ಕೆ ಬಿಸ್ಫಿನಾಲ್ ಎ, ಅಂದರೆ ಬಿಪಿಎ ಬಳಸುತ್ತಿದ್ದರು. ಇದು ಹಾರ್ಮೋನುಗಳ ಕೆಲಸದಲ್ಲಿ ಕೈಯಾಡಿಸುವ ವಸ್ತು. ಥರ್ಮಲ್ ಪೇಪರಿನಲ್ಲಿ ಇದು ತೂಕದ 0.02% ಮುಟ್ಟಬಾರದು ಎಂದು ಯುರೋಪಿಯನ್ ಒಕ್ಕೂಟ 2020ರ ಜನವರಿಯಿಂದ ಕಟ್ಟುಮಾಡಿತು. ಆಮೇಲೆ ಎಷ್ಟೋ ರೋಲ್‌ಗಳಲ್ಲಿ ಬಿಪಿಎ ಹೋಗಿ ಬಿಸ್ಫಿನಾಲ್ ಎಸ್, ಅಂದರೆ ಬಿಪಿಎಸ್ ಬಂತು. ಅದೂ ಬಿಪಿಎಯ ದಾಯಾದಿಯೇ, ಅನುಮಾನಗಳೂ ಹೆಚ್ಚುಕಡಿಮೆ ಅವೇ. ಸ್ವಿಟ್ಜರ್ಲೆಂಡ್ ಎರಡನ್ನೂ ನಿಷೇಧಿಸಿದ್ದು ಅದಕ್ಕೇ. ರೋಲಿನ ಮೇಲೆ ‘ಬಿಪಿಎ ಇಲ್ಲ’ ಎಂದು ಬರೆದಿದ್ದರೆ ಸುಮ್ನೆ ಖುಷಿಪಡಬೇಡಿ, ಬದಲಿಗೆ ಏನು ಹಾಕಿದ್ದಾರೆ ಅಂತ ಕೇಳಿ.

ಪ್ರಿಂಟ್ ಆಗುವ ಮೊದಲೇ ಹೇಳಿ

ಅಚ್ಚಾಗಿ ಹೊರಬಂದ ಮೇಲೆ ‘ಬೇಡ’ ಅಂದರೆ ಏನೂ ಉಳಿಯಲಿಲ್ಲ, ಕಸದ ಬುಟ್ಟಿ ನಿಮ್ಮ ಮನೆಯದ್ದಲ್ಲ, ಅಂಗಡಿಯದ್ದು, ಅಷ್ಟೆ. ಹಣ ಕೊಡುವ ಮೊದಲೇ ಹೇಳಬೇಕು. ಎಟಿಎಂನಲ್ಲೂ ‘ರಸೀದಿ ಬೇಕೇ’ ಎಂಬ ಪ್ರಶ್ನೆಗೆ ಬೇಡ ಎನ್ನಿ.

ಒಂದು ಲೆಕ್ಕ ಹಾಕೋಣ. 80 ಮಿ.ಮೀ. ಅಗಲದ ರೋಲಿನಲ್ಲಿ 30 ಸೆಂ.ಮೀ. ಉದ್ದದ ಬಿಲ್ ತೂಗುವುದು ಸುಮಾರು 1.3 ಗ್ರಾಂ. ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಆದರೆ ದಿನಕ್ಕೆ 200 ಬಿಲ್ ಹಾಕುವ ಒಂದೇ ಕೌಂಟರಿನಿಂದ 60 ಮೀಟರ್ ಕಾಗದ ಹೊರಬೀಳುತ್ತದೆ. ಅದರಲ್ಲಿ ಬಹುಪಾಲು ಯಾರೂ ಎರಡನೇ ಸಲ ನೋಡದೇ ಇರುವಂಥದ್ದು. ಫ್ರಾನ್ಸ್ 2023ರ ಆಗಸ್ಟ್‌ನಿಂದ ತಾನಾಗಿ ಬಿಲ್ ಅಚ್ಚಾಗುವುದನ್ನು ನಿಲ್ಲಿಸಿದೆ. ಗಿರಾಕಿ ಕೇಳಿದರೆ ಮಾತ್ರ ಕೊಡುತ್ತಾರೆ. ಕೆಲವು ಬಗೆಯ ಖರೀದಿಗೆ ವಿನಾಯಿತಿ ಇದೆ.

ಬಿಲ್ ಮೊಬೈಲಿಗೆ ಕಳಿಸಿ ಎನ್ನುವುದು ಒಳ್ಳೆಯ ದಾರಿ. ಆದರೆ ನಂಬರ್ ಕೊಟ್ಟ ಮರುದಿನದಿಂದ ಆಫರ್ ಮೆಸೇಜುಗಳ ಕಾಟ ಶುರುವಾಗಬಹುದು. ಇಂಥದ್ದಕ್ಕೇ ಬೇರೆ ಇಮೇಲ್ ವಿಳಾಸ ಒಂದನ್ನು ಇಟ್ಟುಕೊಳ್ಳಿ. ಮೆಸೇಜೂ ಕಳಿಸಿ ಕಾಗದವನ್ನೂ ಕೊಡುವ ಅಂಗಡಿಗಳಿವೆಯಲ್ಲ, ಅವುಗಳಿಂದ ಯಾರಿಗೂ ಲಾಭವಿಲ್ಲ.

ತಗೊಳ್ಳಲೇಬೇಕಾದಾಗ

ವಾರಂಟಿ, ಆಫೀಸಿನ ಖರ್ಚು, ವಾಪಸ್ ಮಾಡಬಹುದಾದ ವಸ್ತು, ಇವಕ್ಕೆ ಬಿಲ್ ಬೇಕೇ ಬೇಕು. ಅದೇ ದಿನ ಫೋಟೊ ತೆಗೆದಿಡಿ. ಬಿಸಿಲು, ಎಣ್ಣೆ ಕೈ, ಪಿವಿಸಿ ಪ್ಲಾಸ್ಟಿಕ್ ಕವರ್, ಈ ಮೂರೂ ಅಕ್ಷರಗಳನ್ನು ಮಾಸಿಸುತ್ತವೆ. ವಾರಂಟಿ ಮುಗಿಯುವ ಮೊದಲೇ ಬಿಲ್ ಬೆಳ್ಳಗಾಗುವುದು ಹೀಗೆಯೇ. ಅಚ್ಚಾದ ಬದಿ ಒಳಗೆ ಬರುವಂತೆ ಮಡಚಿ, ಕಾಗದದ ಲಕೋಟೆಯಲ್ಲಿಡಿ. ಸ್ಯಾನಿಟೈಜರ್ ಅಥವಾ ಕ್ರೀಮ್ ಹಚ್ಚಿದ ಕೈ ಒಣಗುವ ಮೊದಲು ಬಿಲ್ ಹಿಡಿಯಬೇಡಿ, ಚರ್ಮದೊಳಗೆ ಬಿಪಿಎ ಇಳಿಯುವುದು ಆಗ ಜಾಸ್ತಿ. ಮಕ್ಕಳಿಗೆ ಗೀಚಲು ಕೊಡುವುದೂ ಬೇಡ.

ರದ್ದಿಗೆ ಸೇರಿಸಬೇಡಿ

ಪರಿಸರದ ಕಾಳಜಿ ಇರುವವರೇ ಹೆಚ್ಚಾಗಿ ಎಡವುವುದು ಇಲ್ಲಿ. ಹಳೇ ಪೇಪರ್ ಜೊತೆ ಬಿಲ್ಲು ಹೋದರೆ ಅದರ ಬಿಪಿಎ ಮರುಬಳಕೆಯ ತಿರುಳಿಗೆ ಸೇರಿ, ಟಿಶ್ಯೂನಲ್ಲೋ ರಟ್ಟಿನ ಡಬ್ಬದಲ್ಲೋ ಮತ್ತೆ ಮನೆಗೇ ಬರುತ್ತದೆ. ಗೊಬ್ಬರದ ಗುಂಡಿಗೂ ಹಾಕಬೇಡಿ, ಸುಡಲೂಬೇಡಿ. ಮರುಬಳಕೆಗೆ ಹೋಗದ ಕಸದ ಜೊತೆ ಹಾಕುವುದೇ ಸರಿ.

ಅಂಗಡಿ ನಿಮ್ಮದಾದರೆ

ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ‘ತಾನಾಗಿ ಪ್ರಿಂಟ್’ ಎಂಬುದನ್ನು ತೆಗೆದು, ‘ಕೇಳಿ ಪ್ರಿಂಟ್’ ಇಡಿ. ದೊಡ್ಡ ಲೋಗೊ, ಕೆಳಗಿನ ಜಾಹೀರಾತು, ಖಾಲಿ ಸಾಲುಗಳನ್ನು ಕತ್ತರಿಸಿ. 30 ಸೆಂ.ಮೀ. ಬಿಲ್ 20ಕ್ಕೆ ಇಳಿದರೆ ಮೂರರಲ್ಲೊಂದು ಭಾಗ ಕಾಗದ ಉಳಿಯಿತು. ದಿನವಿಡೀ ಬಿಲ್ ಹರಿದುಕೊಡುವ ಕ್ಯಾಷಿಯರಿಗೆ ಕೈಗವಸು ಕೊಡಿ, ಅವರ ಕೈಗೆ ತಾಗುವಷ್ಟು ಗಿರಾಕಿಯ ಕೈಗೆ ತಾಗುವುದಿಲ್ಲ.

ರೋಲ್ ಕೊಳ್ಳುವಾಗ ‘ಫೀನಾಲ್ ಇಲ್ಲದ್ದು’ ಎಂದೇ ಕೇಳಿ, ಬಿಪಿಎ, ಬಿಪಿಎಸ್ ಎರಡೂ ಫೀನಾಲ್ ಗುಂಪಿನವೇ. ಡೆವಲಪರೇ ಇಲ್ಲದ ಬಗೆಯೂ ಇದೆ: ಬಿಸಿ ತಾಗಿದ ಕಡೆ ಮೇಲಿನ ಪದರ ಕುಸಿದು, ಅಡಿಯ ಕಪ್ಪು ಕಾಣುತ್ತದೆ. ಆ ಕಾಗದ ಬಿಳಿಯಲ್ಲ, ತುಸು ನೀಲಿ. ಮೊದಲು ಒಂದು ರೋಲ್ ಮಾತ್ರ ತರಿಸಿ ನಿಮ್ಮ ಪ್ರಿಂಟರಿಗೆ ಹಾಕಿ ನೋಡಿ. ಅಕ್ಷರ ಮಸುಕಾಗಿ ಬಂದರೆ ಸೆಟ್ಟಿಂಗಿನಲ್ಲಿ ಪ್ರಿಂಟ್ ಡೆನ್ಸಿಟಿ ಸ್ವಲ್ಪ ಏರಿಸಿ.