ರೋಮ್‌ನಲ್ಲಿ ತಂಡದೊಡನೆ ಒಂದು ದಿನ: ಮುಂಬಯಿಯಿಂದ ಹೊರಡುವವರಿಗೆ

ಮುಂಬಯಿಯಿಂದ ಹೊರಡುವ ಯುರೋಪ್ ಗುಂಪು ಪ್ರವಾಸಗಳಲ್ಲಿ ರೋಮ್ ನಗರಕ್ಕೆ ಹೆಚ್ಚಾಗಿ ಸಿಗುವುದು ಒಂದೇ ದಿನ. ಬೆಳಗ್ಗೆ ವ್ಯಾಟಿಕನ್, ಮಧ್ಯಾಹ್ನ ಕೊಲೋಸಿಯಂ, ಸಂಜೆ ಟ್ರೆವಿ ಕಾರಂಜಿ. ಮಾಟುಂಗದಿಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿಬಂದವಳಾಗಿ ನಾನು ಕಂಡುಕೊಂಡದ್ದು ಇಷ್ಟು: ಗೈಡ್ ವಿವರಿಸುವ ಹೊತ್ತಿನಲ್ಲಿ ನಾವು ಅವರ ಬಳಿಯಲ್ಲೇ ಇದ್ದರೆ ಮಾತ್ರ ಆ ದಿನ ನಮ್ಮದಾಗುತ್ತದೆ.

ವ್ಯಾಟಿಕನ್‌ನಲ್ಲಿ ಭುಜ ಮತ್ತು ಮೊಣಕಾಲು ಮುಚ್ಚಿರಲೇಬೇಕು. ಸೀರೆ, ಸಲ್ವಾರ್ ಉಟ್ಟವರಿಗೆ ಚಿಂತೆಯಿಲ್ಲ. ತೋಳಿಲ್ಲದ ಉಡುಪಾದರೆ ಒಂದು ಶಾಲು ಜೊತೆಗಿರಲಿ. ಒಳಹೋಗುವ ಮುನ್ನ ಕೊಡುವ ಹೆಡ್‌ಸೆಟ್‌ನಲ್ಲಿ ಧ್ವನಿ ಸರಿಯಾಗಿ ಕೇಳುತ್ತಿದೆಯೇ ಎಂದು ಅಲ್ಲಿಯೇ ಪರೀಕ್ಷಿಸಿ, ಹಿರಿಯರ ಕಿವಿಗೆ ನೀವೇ ಸರಿಯಾಗಿ ತೊಡಿಸಿ.

ಬಹುತೇಕರು ತಪ್ಪುವುದು ಇದಾದ ಮೇಲೆ. ಛಾವಣಿ, ಗೋಡೆಗಳ ಚಿತ್ರಗಳಿಗೆ ಹೆಸರಾದ, ವ್ಯಾಟಿಕನ್‌ನ ಸಿಸ್ಟೀನ್ ಪ್ರಾರ್ಥನಾಲಯದೊಳಗೆ ಮೌನ ಕಡ್ಡಾಯವಾದ್ದರಿಂದ ಗೈಡ್ ಅಲ್ಲಿ ವಿವರಣೆ ಕೊಡುವಂತಿಲ್ಲ; ಆದ್ದರಿಂದಲೇ ಅವರು ಹೊರಗಿನ ಅಂಗಳದಲ್ಲಿ ನಿಲ್ಲಿಸಿರುವ ಚಿತ್ರಫಲಕಗಳ ಮುಂದೆ ಎಲ್ಲವನ್ನೂ ಮೊದಲೇ ಹೇಳಿಬಿಡುತ್ತಾರೆ. ನಮ್ಮ ತಂಡದ ಅರ್ಧ ಜನ ಅದನ್ನು ವಿರಾಮವೆಂದು ತಿಳಿದು ಫೋಟೋಗೆ, ಶೌಚಾಲಯಕ್ಕೆ ಚದುರಿದರು. ಒಳಗೆ ಹೋದ ಮೇಲೆ ಯಾವುದನ್ನು ನೋಡಬೇಕೆಂದು ತಿಳಿಯದೆ ಐದೇ ನಿಮಿಷದಲ್ಲಿ ಹೊರಬಂದರು. ಆಗ ನನಗೆ ನಿಜವಾಗಿಯೂ ಸಂಕಟವಾಯಿತು. ಇಟಲಿಯ ಕಲಾವಿದ ಮೈಕೆಲೇಂಜೆಲೊ ಅಲ್ಲಿನ ಛಾವಣಿಯನ್ನು ಚಿತ್ರಿಸಿದ್ದು 1508ರಿಂದ 1512ರವರೆಗೆ, ಅಟ್ಟಣಿಗೆಯ ಮೇಲೆ ನಿಂತು, ಕತ್ತನ್ನು ಹಿಂದಕ್ಕೆ ಬಾಗಿಸಿ. ಪೀಠದ ಹಿಂಗೋಡೆಯಲ್ಲಿರುವ ಅವನದೇ ‘ಅಂತಿಮ ತೀರ್ಪು’ ಚಿತ್ರ ಶುರುವಾದದ್ದು ಎರಡು ದಶಕಗಳ ಬಳಿಕ, 1536ರಲ್ಲಿ. ಇಷ್ಟನ್ನು ತಿಳಿದು ತಲೆಯೆತ್ತಿದರೆ ಎರಡೂ ಚಿತ್ರಗಳ ನಡುವೆ ಬದಲಾದ ಮನೋಧರ್ಮ ಕಣ್ಣಿಗೇ ಕಾಣುತ್ತದೆ. ಒಳಗೆ ಫೋಟೋ ನಿಷಿದ್ಧ. ಆ ಸಮಯವನ್ನೆಲ್ಲ ನೋಡುವುದಕ್ಕೇ ಕೊಡಿ.

ಕ್ರಿ.ಶ. 80ರಲ್ಲಿ ರೋಮನ್ ಚಕ್ರವರ್ತಿ ಟೈಟಸ್ ಉದ್ಘಾಟಿಸಿದ ಬಯಲು ರಂಗಮಂದಿರ ಕೊಲೋಸಿಯಂನ ಟಿಕೆಟ್ ಮೇಲೆ ಹೆಸರು ಇರುವುದರಿಂದ ಗುರುತಿನ ದಾಖಲೆ ಕೈಗೆ ಸಿಗುವಂತಿರಲಿ. ದೊಡ್ಡ ಚೀಲಗಳನ್ನೂ ಗಾಜಿನ ಬಾಟಲಿಗಳನ್ನೂ ಒಳಗೆ ಬಿಡುವುದಿಲ್ಲ. ನಗರದ ಹಳೆಯ ಭಾಗದಲ್ಲಿ ಪ್ರವಾಸಿ ಬಸ್ಸುಗಳಿಗೆ ನಿರ್ಬಂಧವಿರುವುದರಿಂದ ಕಲ್ಲು ಹಾಸಿದ ಬೀದಿಗಳಲ್ಲಿ ಬಹಳ ನಡೆಯಬೇಕಾಗುತ್ತದೆ. ಹೊಸ ಚಪ್ಪಲಿ ಬೇಡ, ಪಳಗಿದ ಬೂಟು ಇರಲಿ. ನೀರನ್ನು ಕೊಳ್ಳಬೇಕಾಗಿಲ್ಲ. ಬೀದಿಬದಿಯ ‘ನಾಸೋನಿ’ ನಲ್ಲಿಗಳಲ್ಲಿ ಹರಿಯುವುದು ಕುಡಿಯುವ ನೀರೇ. ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ರಂಧ್ರದಿಂದ ನೀರು ಚಿಮ್ಮುತ್ತದೆ.

ಹೇಳಿದ ಸಮಯಕ್ಕೆ ಬಸ್ಸಿನ ಬಳಿ ಇರಬೇಕೆಂಬುದು ಟೂರ್ ಮ್ಯಾನೇಜರ್ ಅವರ ಕಟ್ಟುನಿಟ್ಟಷ್ಟೇ ಅಲ್ಲ. ಯುರೋಪಿಯನ್ ಒಕ್ಕೂಟದ ನಿಯಮದಂತೆ ಚಾಲಕರಿಗೆ ದಿನಕ್ಕೆ ಸಾಮಾನ್ಯವಾಗಿ 11 ಗಂಟೆಗಳ ಸತತ ವಿಶ್ರಾಂತಿ ದೊರೆಯಬೇಕು. ಸಂಜೆ ಒಬ್ಬರು ಅರ್ಧ ಗಂಟೆ ತಡಮಾಡಿದರೆ ಮರುದಿನ ಬೆಳಗ್ಗೆ ನಲವತ್ತು ಮಂದಿಯ ಪ್ರಯಾಣ ತಡವಾಗಬಹುದು.

1762ರಲ್ಲಿ ಪೂರ್ಣಗೊಂಡ ಟ್ರೆವಿ ಕಾರಂಜಿಯ ಮುಂದೆ ನೂಕುನುಗ್ಗಲು ಹೆಚ್ಚು, ಕಿಸೆಗಳ್ಳರೂ ಹೆಚ್ಚು. ದಾದರ್‌ನಲ್ಲಿ ಲೋಕಲ್ ಹತ್ತುವಾಗ ಮಾಡುವಂತೆ ಚೀಲವನ್ನು ಎದೆಯ ಮುಂದಕ್ಕೆ ಹಾಕಿಕೊಳ್ಳಿ. ತಂಡ ಮತ್ತೆ ಸೇರುವ ಮೂಲೆಯಲ್ಲಿರುವ ಅಂಗಡಿಯ ಫಲಕದ ಫೋಟೋ ಒಂದನ್ನು ಎಲ್ಲರ ಮೊಬೈಲಿನಲ್ಲೂ ಇರಿಸಿ, ಹೋಟೆಲಿನ ವಿಳಾಸದ ಕಾರ್ಡನ್ನು ಅಪ್ಪ ಅಮ್ಮ ಇಬ್ಬರ ಕೈಯಲ್ಲೂ ಬೇರೆಬೇರೆಯಾಗಿ ಕೊಟ್ಟ ಮೇಲೆಯೇ ಅವರನ್ನು ಕಾರಂಜಿಯ ಬಳಿಗೆ ಕಳುಹಿಸಿ.